1720 ಅಡಿಯ ಗೆರೆ, ಪಟ್ಟಿಯಲ್ಲಿಲ್ಲದ ಜನ

ನಿರಾಶ್ರಿತರು ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಸಿರಿಯಾ, ಉಕ್ರೇನ್. ಜನ ತುಂಬಿದ ರಬ್ಬರ್ ದೋಣಿ, ಮುಳ್ಳುತಂತಿಯ ಬೇಲಿ, ನೀಲಿ ತಾಡಪಾಲು. ಟಿವಿಯಲ್ಲಿ ಕೆಲಸ ಮಾಡೋನಾಗಿ ಹೇಳ್ತೀನಿ, ಆ ದೃಶ್ಯಗಳು ಅಂತಾರಾಷ್ಟ್ರೀಯ ಏಜೆನ್ಸಿಗಳಿಂದ ನಮಗೆ ದಿನಾ ಬಂದು ಬೀಳ್ತವೆ. ಬೀಳಗಿಯಿಂದ ಬರಲ್ಲ.

ಆದರೆ ನಮ್ಮ ಕೆಪಿಎಸ್‌ಸಿಯ ಯಾವುದಾದರೂ ನೇಮಕಾತಿ ಅಧಿಸೂಚನೆ ತೆಗೆದು ನೋಡಿ. ಗ್ರಾಮೀಣ, ಮಾಜಿ ಸೈನಿಕ, ಕನ್ನಡ ಮಾಧ್ಯಮ ಅಂತ ಮೀಸಲಾತಿಯ ಕಾಲಂಗಳಿರುತ್ತವಲ್ಲ, ಅದೇ ಸಾಲಿನಲ್ಲಿ ಇನ್ನೊಂದು ಹೆಸರಿದೆ: ಯೋಜನಾ ನಿರಾಶ್ರಿತ ಅಭ್ಯರ್ಥಿ. ಬೆಂಗಳೂರಿನ ಹುಡುಗರು ಆ ಸಾಲನ್ನ ಓದದೇ ಮುಂದೆ ಹೋಗ್ತಾರೆ. ಬಾಗಲಕೋಟೆ ಜಿಲ್ಲೆಯ ಹುಡುಗ ಅಲ್ಲೇ ನಿಲ್ತಾನೆ. ಅವನ ಮನೆಯಲ್ಲಿ ಆ ಸರ್ಟಿಫಿಕೇಟ್ ಇದೆ, ಇಲ್ಲವೇ ಇರಬೇಕಾಗಿತ್ತು. ನನ್ನ ಇವತ್ತಿನ ಮಾತು ಈ 'ಇರಬೇಕಾಗಿತ್ತು' ಅನ್ನೋರ ಬಗ್ಗೆ.

1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದ ಪ್ರಕಾರ ನಿರಾಶ್ರಿತ ಅಂದರೆ ಕಿರುಕುಳದ ಭಯದಿಂದ ತನ್ನ ದೇಶದ ಗಡಿ ದಾಟಿದವನು. ಭಾರತ ಅದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಚರ್ಚೆ. ದೇಶದ ಒಳಗೇ ಮನೆ ಕಳೆದುಕೊಂಡವರಿಗಾಗಿ 1998ರಲ್ಲಿ ವಿಶ್ವಸಂಸ್ಥೆ ಒಂದಿಷ್ಟು ಮಾರ್ಗದರ್ಶಿ ತತ್ವಗಳನ್ನ ಕೊಟ್ಟಿತು. ಯುದ್ಧ, ಪ್ರವಾಹದ ಜೊತೆಗೆ ದೊಡ್ಡ ಅಭಿವೃದ್ಧಿ ಯೋಜನೆಗಳಿಂದ ಎತ್ತಂಗಡಿಯಾಗುವವರ ಮಾತೂ ಅದರಲ್ಲಿದೆ. ಅವು ತತ್ವಗಳು ಮಾತ್ರ, ಒಪ್ಪಂದ ಅಲ್ಲ. ಹಾಗಾಗಿ ಕೃಷ್ಣಾ ನದಿ ದಂಡೆಯ ಮನುಷ್ಯನಿಗೆ ಜಿನೀವಾದಿಂದ ಆಗೋದು ಏನೂ ಇಲ್ಲ. ಅವನಿಗೆ ಇರೋದು ಉಪವಿಭಾಗಾಧಿಕಾರಿ ಕಚೇರಿ, ಭೂಸ್ವಾಧೀನ ಕಚೇರಿ, ಮತ್ತು ಒಬ್ಬ ವಕೀಲ.

ಜಮಖಂಡಿ, ಮುಧೋಳ, ಬೀಳಗಿ, ಈಗ ಹೊಸ ತಾಲ್ಲೂಕಾಗಿರೋ ರಬಕವಿ-ಬನಹಟ್ಟಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ಇಲ್ಲಿನ ಜನ ಊರು ಬಿಟ್ಟು ಹೋಗೋದು ಹೊಸದೇನಲ್ಲ. ಕವಿ ರನ್ನನೇ ಮುಧೋಳದ ಬಳೆಗಾರರ ಮನೆಯ ಹುಡುಗ. ವಿದ್ಯೆ ಹುಡುಕಿಕೊಂಡು ಗಂಗರ ಸೀಮೆಗೆ ಹೋದ, ಅಲ್ಲಿ ಚಾವುಂಡರಾಯನ ಆಶ್ರಯ ಸಿಕ್ಕಿತು. ಆಶ್ರಯ ಅನ್ನೋ ಪದ ಗಮನಿಸಿ. ಅದು ಸಿಕ್ಕಿದ್ದಕ್ಕೆ ಅವನು ರನ್ನನಾದ. ಸಿಗದೇ ಇದ್ದಿದ್ದರೆ ಅವನ ಹೆಸರು ನಮಗೆ ಗೊತ್ತಿರುತ್ತಿತ್ತಾ? ಇರಲಿ, ಸಾವಿರ ವರ್ಷ ಬಿಟ್ಟು ಈಚೆಗೆ ಬರೋಣ.

ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಎರಡೂ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಜಮಖಂಡಿ ಸಂಸ್ಥಾನ ವಿಲೀನವಾಗುವ ಹೊತ್ತಿಗೆ ಅಲ್ಲಿನ ಆಡಳಿತದಲ್ಲಿದ್ದ ಒಬ್ಬ ವಕೀಲರು ಮುಂದೆ ಇಡೀ ರಾಜ್ಯದ ಮುಖ್ಯಮಂತ್ರಿಯಾದರು. ಸಾವಳಗಿಯ ಬಿ.ಡಿ. ಜತ್ತಿ. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ಅವರು ಮುಖ್ಯಮಂತ್ರಿ.

ಈ ಎರಡು ದಿನಾಂಕಗಳ ನಡುವೆ ಏನಾಯ್ತು ನೋಡಿ. 1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಅವರನ್ನ ಎಲ್ಲಿ ಇಡೋದು ಅಂತ ನೆಹರೂ ರಾಜ್ಯಗಳನ್ನ ಕೇಳಿದಾಗ ಮೈಸೂರು ರಾಜ್ಯ ಜಾಗ ಕೊಟ್ಟಿತು. ಪಿರಿಯಾಪಟ್ಟಣದ ಹತ್ತಿರ ಬೈಲುಕುಪ್ಪೆ, ಸುಮಾರು 3,000 ಎಕರೆ. 1960ರ ಕೊನೆಯ ಹೊತ್ತಿಗೆ ಮೊದಲ ತಂಡಗಳು ಬಂದವು. ಇದರ ಶ್ರೇಯಸ್ಸು ಸಾಮಾನ್ಯವಾಗಿ ಎಸ್. ನಿಜಲಿಂಗಪ್ಪನವರಿಗೆ ಹೋಗುತ್ತೆ, ಅವರು ಟಿಬೆಟನ್ನರಿಗೆ ಮಾಡಿದ್ದೂ ದೊಡ್ಡದೇ. 1966ರಲ್ಲಿ ಮುಂಡಗೋಡದ ಶಿಬಿರ ಆದದ್ದು ಅವರ ಕಾಲದಲ್ಲಿ. ಆದರೆ ಕ್ಯಾಲೆಂಡರ್ ಕ್ಯಾಲೆಂಡರೇ. ಬೈಲುಕುಪ್ಪೆಗೆ ಮೊದಲ ಟಿಬೆಟನ್ನರು ಬಂದಾಗ ವಿಧಾನಸೌಧದ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತಿದ್ದವರು ಜಮಖಂಡಿ ತಾಲ್ಲೂಕಿನವರು.

ಬೈಲುಕುಪ್ಪೆಯಲ್ಲಿ ಮಾಡಿದ್ದೇನು? ಒಬ್ಬೊಬ್ಬರ ಕೈಗೆ ಚೆಕ್ ಕೊಟ್ಟು ಎಲ್ಲಾದರೂ ಹೋಗಿ ಬದುಕಿ ಅನ್ನಲಿಲ್ಲ. ಜನರನ್ನ ಗುಂಪಾಗಿ ಉಳಿಸಿದರು. ಉಳೋಕೆ ಜಮೀನು, ಊರು, ಸಹಕಾರ ಸಂಘ, ಶಾಲೆ, ಆಸ್ಪತ್ರೆ, ದೇವಸ್ಥಾನ, ಎಲ್ಲವೂ ಒಟ್ಟಿಗೆ. ಕಷ್ಟ ಇರಲಿಲ್ಲ ಅಂತಲ್ಲ. ಕಾಡು ಕಡಿದು ಹೊಲ ಮಾಡಬೇಕಿತ್ತು. ಜಮೀನು ಇವತ್ತಿಗೂ ಅವರ ಸ್ವಂತದ್ದಲ್ಲ. ಆದರೂ ನಿರಾಶ್ರಿತರನ್ನ ಹೇಗೆ ನೆಲೆಗೊಳಿಸಬೇಕು ಅನ್ನೋದು ಈ ರಾಜ್ಯಕ್ಕೆ 1960ರಲ್ಲೇ ಗೊತ್ತಿತ್ತು. ಇದನ್ನ ನೆನಪಲ್ಲಿ ಇಟ್ಟುಕೊಳ್ಳಿ.

ನಾಲ್ಕು ವರ್ಷ ಕಳೆಯಿತು. 1964ರ ಮೇನಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 'ಆಗಿನ ಪ್ರಧಾನಿ ಶಾಸ್ತ್ರಿ' ಅಂತ ಎಷ್ಟೋ ಕಡೆ ಬರೀತಾರೆ, ಅವರು ಪ್ರಧಾನಿಯಾದದ್ದು ಜೂನ್‌ನಲ್ಲಿ. ಅಣೆಕಟ್ಟನ್ನ ಅಬ್ದುಲ್ ಕಲಾಂ ರಾಷ್ಟ್ರಕ್ಕೆ ಸಮರ್ಪಿಸಿದ್ದು 2006ರ ಆಗಸ್ಟ್‌ನಲ್ಲಿ. ಅಡಿಗಲ್ಲಿನಿಂದ ಸಮರ್ಪಣೆಗೆ 42 ವರ್ಷ. ಎರಡು ತಲೆಮಾರು 'ನಮ್ಮೂರು ಮುಳುಗುತ್ತೆ' ಅನ್ನೋ ಒಂದೇ ಮಾತಿನ ಕೆಳಗೆ ಬದುಕಿತು. ಮುಳುಗೋ ಊರಲ್ಲಿ ಯಾರು ಮನೆ ಕಟ್ತಾರೆ? ಯಾರು ಹೆಣ್ಣು ಕೊಡ್ತಾರೆ? ಬ್ಯಾಂಕ್ ಯಾಕೆ ಸಾಲ ಕೊಡುತ್ತೆ? ನೀರು ಬರೋಕೆ ಮೊದಲೇ ಊರು ಸೊರಗೋಕೆ ಶುರುವಾಗುತ್ತೆ. ಈ ನಷ್ಟವನ್ನ ಯಾವ ಪರಿಹಾರದ ಲೆಕ್ಕವೂ ಹಿಡಿದಿಲ್ಲ.

ನಾರಾಯಣಪುರ, ಆಲಮಟ್ಟಿ ಎರಡೂ ಸೇರಿ ಮುಳುಗಿದ್ದು ನೂರೈವತ್ತಕ್ಕೂ ಹೆಚ್ಚು ಹಳ್ಳಿ. ಬಾಗಲಕೋಟೆ ಅನ್ನೋ ಪಟ್ಟಣದ ದೊಡ್ಡ ಭಾಗಕ್ಕೇ ಬೇರೆ ಜಾಗ ಹುಡುಕಬೇಕಾಯ್ತು. ಅದಕ್ಕಾಗಿ 1983ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಪ್ರಾಧಿಕಾರ ರಚಿಸಿದರು, ನವನಗರ ಎದ್ದಿತು. ಪಟ್ಟಣಕ್ಕೆ ಪ್ರಾಧಿಕಾರ ಸಿಕ್ಕಿತು, ಸರಿ. ಹಳ್ಳಿಗೆ ಸಿಕ್ಕಿದ್ದು 1894ರ ಬ್ರಿಟಿಷ್ ಭೂಸ್ವಾಧೀನ ಕಾಯ್ದೆ.

ಆ ಕಾಯ್ದೆಗೆ ಕಾಣಿಸ್ತಾ ಇದ್ದದ್ದು ಜಮೀನು ಮಾತ್ರ. ಜಮೀನಿನಲ್ಲಿ ಹಕ್ಕಿದ್ದವನಿಗೆ ಪರಿಹಾರ. ಬೆಲೆ ಎಷ್ಟು? ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ದರ, ಅಂದರೆ ಸುತ್ತಮುತ್ತ ನೋಂದಣಿಯಾದ ಖರೀದಿ ಪತ್ರಗಳ ದರ. ಸ್ಟಾಂಪ್ ಡ್ಯೂಟಿ ಉಳಿಸೋಕೆ ಕಡಿಮೆ ಬರೆಸೋದು ನಮ್ಮ ಹಳೇ ಚಾಳಿ, ಪರಿಹಾರದ ಹೊತ್ತಿಗೆ ಅದೇ ಕಡಿಮೆ ದರ ಕುತ್ತಿಗೆಗೆ ಬಂತು. ಒಪ್ಪದವರು ಕೋರ್ಟಿಗೆ ಹೋದರು. ಇಲ್ಲಿನ ಸಿವಿಲ್ ಕೋರ್ಟುಗಳಲ್ಲಿ ಸಾವಿರಾರು ಹೆಚ್ಚುವರಿ ಪರಿಹಾರದ ಕೇಸುಗಳು ವರ್ಷಗಟ್ಟಲೆ ನಡೆದವು.

ಇದು ಪಹಣಿಯಲ್ಲಿ ಹೆಸರಿದ್ದವನ ಕಥೆ. ಪಹಣಿಯಲ್ಲಿ ಹೆಸರಿಲ್ಲದವನು? 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಬಂದಾಗ ಉಳುವವನು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಬೇಕಿತ್ತು. ಹಾಕಿದವನು ಒಡೆಯನಾದ. ಗೌಡರ ಮುಲಾಜಿಗೋ, ಹೆದರಿಕೆಗೋ, ಓದು ಬಾರದೆಯೋ ಹಾಕದೇ ಉಳಿದವನು ಅದೇ ಹೊಲದಲ್ಲಿ ಕೂಲಿಯಾಗಿ ಉಳಿದ. ಮುಂದೆ ನೀರು ಬಂದಾಗ ಹೊಲ ಇಬ್ಬರದ್ದೂ ಹೋಯ್ತು, ಚೆಕ್ ಬಂದದ್ದು ಒಬ್ಬರಿಗೆ. ಊರ ಕೂಲಿಯವರು, ಕುಂಬಾರ, ಬಡಿಗ, ದನ ಕಾಯುವವರು, ನದಿಯ ಮೀನು ನಂಬಿದ್ದ ಅಂಬಿಗರು, ಇವರಿಗೆಲ್ಲ ಮನೆ ಅನ್ನೋದೊಂದು ಇದ್ದರೆ ಅದರ ಗೋಡೆ, ಮಾಳಿಗೆಗೆ ಬೆಲೆ ಕಟ್ಟಿದರು. ದುಡಿಮೆಗೆ ಯಾರೂ ಕಟ್ಟಲಿಲ್ಲ.

ಈ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಇತ್ತು. 1978ರಲ್ಲಿ ಒಂದು, 1989ರಲ್ಲಿ ಇನ್ನೊಂದು. ಪುನರ್ವಸತಿ ಸರಿಯಾಗಿ ಆಗ್ತಿಲ್ಲ ಅಂತ 1990ರ ದಶಕದಲ್ಲಿ ಬ್ಯಾಂಕ್ ದುಡ್ಡು ಬಿಡೋದನ್ನ ತಡೆಹಿಡಿಯಿತು. ರಾಜ್ಯ ಆಮೇಲೆ ಎಚ್ಚೆತ್ತುಕೊಂಡಿತು, ಪುನರ್ವಸತಿಗೆ ದೊಡ್ಡ ಕಚೇರಿ, ದೊಡ್ಡ ಅಧಿಕಾರಿಗಳು ಬಂದರು. ಯೋಜನಾ ನಿರಾಶ್ರಿತರ ಪುನರ್ವಸತಿಗೆ ಅಂತಲೇ ರಾಜ್ಯದ ಕಾಯ್ದೆಯೊಂದಿದೆ, ಅದರ ಹೆಸರಲ್ಲಿ ಇರೋ ವರ್ಷ 1987. ಅದು ಕಾಯ್ದೆಯಾಗಿ ಕೈಗೆ ಬಂದದ್ದು 1994ರಲ್ಲಿ. ಆ ಏಳು ವರ್ಷ ಊರುಗಳು ಖಾಲಿಯಾಗೋದೇನೂ ನಿಂತಿರಲಿಲ್ಲ.

ಇನ್ನು ಎತ್ತರದ ಜಗಳ. ನಾನು ಇಂಜಿನಿಯರಿಂಗ್ ಓದಿದವನು, ಆ ಡಿಗ್ರಿ ಈ ಉದ್ಯೋಗದಲ್ಲಿ ಕೆಲಸಕ್ಕೆ ಬರೋದು ವರ್ಷಕ್ಕೆ ಒಂದೆರಡು ಸಲ, ಇವತ್ತು ಬರಲಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸೋ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ರಾಜ್ಯ ಕೇಳ್ತಾ ಬಂದದ್ದು 524.256 ಮೀಟರ್. ಇದೇನಿದು ಮೂರು ದಶಮಾಂಶದ ವಿಚಿತ್ರ ಸಂಖ್ಯೆ ಅನ್ನಿಸುತ್ತಲ್ವಾ? ಅಡಿಗೆ ತಿರುಗಿಸಿ. ಸರಿಯಾಗಿ 1720 ಅಡಿ. ಅಡಿ-ಅಂಗುಲದ ಕಾಲದಲ್ಲಿ ಯಾರೋ ಇಂಜಿನಿಯರ್ ನಕ್ಷೆಯ ಮೇಲೆ ಎಳೆದ ದುಂಡು ಸಂಖ್ಯೆಯ ಗೆರೆ ಇರಬೇಕು ಅನ್ನೋದು ನನ್ನ ಊಹೆ. ಎರಡೂ ಮಟ್ಟಗಳ ವ್ಯತ್ಯಾಸ ಸುಮಾರು 15 ಅಡಿ. ಸಹ್ಯಾದ್ರಿಯ ಕಣಿವೆಯಲ್ಲಾದರೆ 15 ಅಡಿ ನೀರು ಬೆಟ್ಟದ ಗೋಡೆಗೆ ಅಂಟಿಕೊಂಡು ಮೇಲೇರುತ್ತೆ. ಬೀಳಗಿ, ಜಮಖಂಡಿಯ ಎರೆಭೂಮಿ ತಟ್ಟೆಯ ಹಾಗೆ ಚಪ್ಪಟೆ, ಅಲ್ಲಿ 15 ಅಡಿ ಅಂದರೆ ನೀರು ಮೈಲಿಗಟ್ಟಲೆ ಅಗಲಕ್ಕೆ ಹರಡುತ್ತೆ. ನಕ್ಷೆಯಲ್ಲಿ ಗೆರೆ ಕೂದಲಿನಷ್ಟು ತೆಳು. ನೆಲದ ಮೇಲೆ ಆ ಗೆರೆ ಒಬ್ಬನ ಮನೆ ಒಳಗೆ, ಅವನ ಹೊಲ ಹೊರಗೆ ಅಂತ ಸೀಳಿಕೊಂಡು ಹೋಗುತ್ತೆ. ಊರು ಮುಳುಗಿ ಹೊಲ ಉಳಿದವನು, ಹೊಲ ಮುಳುಗಿ ಊರು ಉಳಿದವನು, ಸುತ್ತ ನೀರು ಬಂದು ದಾರಿ ಕಳೆದುಕೊಂಡವನು. ಮೂವರೂ ಸಂತ್ರಸ್ತರೇ, ಕಾನೂನಿನ ಕಣ್ಣಿಗೆ ಮಾತ್ರ ಮೂರು ಬೇರೆ ಜಾತಿ.

2000ದ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ 519.60ಕ್ಕೆ ಒಪ್ಪಿತು. ಆ ದಾವೆ ನಡೆದದ್ದು ಸಂವಿಧಾನದ 131ನೇ ವಿಧಿಯಡಿ, ಕರ್ನಾಟಕ ಮತ್ತು ಆಂಧ್ರದ ನಡುವೆ. ಆ ವಿಧಿಯಲ್ಲಿ ಪಕ್ಷಗಾರರಾಗಬಹುದಾದವರು ಕೇಂದ್ರ ಮತ್ತು ರಾಜ್ಯಗಳು ಮಾತ್ರ. ಅಂದರೆ ನೀರು ಎಲ್ಲಿ ನಿಲ್ಲಬೇಕು ಅಂತ ದೇಶದ ಅತಿ ದೊಡ್ಡ ಕೋರ್ಟ್ ತೀರ್ಮಾನ ಮಾಡುವಾಗ, ಆ ನೀರು ಯಾರ ಅಂಗಳಕ್ಕೆ ಬರುತ್ತೋ ಅವನು ಆ ಕೇಸಿನಲ್ಲಿ ಪಕ್ಷಗಾರನಾಗೋ ಹಾಗೇ ಇಲ್ಲ. ಆಮೇಲೆ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು 524.256ಕ್ಕೆ ಅನುಮತಿ ಕೊಟ್ಟಿತು. ಬೆಂಗಳೂರಿನಲ್ಲಿ ಪಟಾಕಿ ಹೊಡೆದರು. ನಾನೂ ಕನ್ನಡಿಗ, ನಮ್ಮ ಪಾಲಿನ ನೀರು ನಮಗೆ ಬೇಕೇ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ನೀರಿಗಾಗಿ ಊರು ಬಿಡೋನೂ ಕನ್ನಡಿಗನೇ.

ಇದೇ ನದಿಯ ಇನ್ನೊಂದು ಕಥೆ ಹೇಳದಿದ್ದರೆ ಅನ್ಯಾಯವಾದೀತು. ಸರ್ಕಾರ ಮಾಡೋವರೆಗೆ ಕಾಯೋದು ಬೇಡ ಅಂತ ಜಮಖಂಡಿ ತಾಲ್ಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿಯಲ್ಲಿ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. 1989ರಲ್ಲಿ ಅದು ಮುಗಿಯಿತು. ಹೆಸರು ಶ್ರಮಬಿಂದು ಸಾಗರ. ಎರಡು ವರ್ಷದ ನಂತರ 'ಬ್ಯಾರೇಜ್ ಸಿದ್ದು' ಬಾಗಲಕೋಟೆ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಈ ಮಣ್ಣಿನ ಜನ ಕೈಕಟ್ಟಿ ಕೂರೋರಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು. ಸಮೀರವಾಡಿ, ತಿಮ್ಮಾಪುರ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರ. ಇಷ್ಟು ಕಬ್ಬು ಕಡಿಯೋರು ಯಾರು? ಪ್ರತಿ ವರ್ಷ ಹಂಗಾಮು ಶುರುವಾಗೋ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಜಿಲ್ಲೆಯಿಂದ ಗ್ಯಾಂಗುಗಳು ಬರ್ತವೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು. ಹೊಲದ ಬದುವಿನಲ್ಲಿ ಪ್ಲಾಸ್ಟಿಕ್ ಹೊದೆಸಿದ ಗುಡಿಸಲು. ನಸುಕಿನಲ್ಲಿ ಶುರು, ಲೋಡು ತುಂಬೋದು ಮುಗಿಯೋವಾಗ ರಾತ್ರಿ.

ಬೀಡ್ ಕಡೆ ಇವರನ್ನ ಲೆಕ್ಕ ಹಾಕೋದು 'ಕೊಯ್ತಾ' ಅಂತ. ಕೊಯ್ತಾ ಅಂದರೆ ಕುಡುಗೋಲು. ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ. ಮುಕಾದಮ ಕೊಡೋ ಮುಂಗಡ ಜೋಡಿಗೆ ಒಂದು, ಅದನ್ನ ತಗೊಳ್ಳೋದು ಗಂಡ. ಹೆಂಗಸು ಕಡೀತಾಳೆ, ಸಿವುಡು ಕಟ್ತಾಳೆ, ತಲೆ ಮೇಲೆ ಹೊತ್ತು ಟ್ರಾಲಿ ತುಂಬ್ತಾಳೆ, ಲೆಕ್ಕದಲ್ಲಿ ಅರ್ಧ ಕುಡುಗೋಲು. ಒಂದು ದಿನ ಬಿಟ್ಟರೆ 'ಖಾಡಾ' ಅಂತ ದಂಡ. ಆ ದಂಡ ತಪ್ಪಿಸೋಕೆ ಬೀಡ್‌ನ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ತಿದ್ದಾರೆ ಅಂತ 2019ರಲ್ಲಿ ವರದಿಗಳು ಬಂದು ಮಹಾರಾಷ್ಟ್ರ ಸರ್ಕಾರ ಸಮಿತಿ ಮಾಡಬೇಕಾಯ್ತು. ಆ ಹೆಣ್ಣುಮಕ್ಕಳು ಕಡಿಯೋ ಕಬ್ಬಿನಲ್ಲಿ ಕೃಷ್ಣಾ ತೀರದ ಕಬ್ಬೂ ಇದೆ.

ಇವರಿಗೆ ಕಾನೂನು ಇಲ್ವಾ? ಇದೆ. ಒಡಿಶಾದ ಕೂಲಿಗಳನ್ನ ಗುತ್ತಿಗೆದಾರರು ಬೇರೆ ರಾಜ್ಯಗಳಿಗೆ ಸಾಗಿಸಿ ಹಿಂಡ್ತಿದ್ದ ಹಿನ್ನೆಲೆಯಲ್ಲಿ 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು, 1980ರ ಗಾಂಧಿ ಜಯಂತಿಯಂದು ಜಾರಿಯಾಯ್ತು. ಓದಿದರೆ ಎಷ್ಟು ಚೆನ್ನಾಗಿದೆ ಗೊತ್ತಾ? ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕು. ಪ್ರತಿ ಕಾರ್ಮಿಕನಿಗೆ ಫೋಟೋ ಇರೋ ಪಾಸ್‌ಬುಕ್ ಕೊಡಬೇಕು. ಊರು ಬಿಟ್ಟು ಬಂದದ್ದಕ್ಕೆ ಅಂತಲೇ ಪ್ರತ್ಯೇಕ ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ಉಳಿಯೋಕೆ ಜಾಗ, ಉಚಿತ ಚಿಕಿತ್ಸೆ. ಆದರೆ ಎರಡು ಷರತ್ತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಇರಬೇಕು, ಮತ್ತು ರಾಜ್ಯದ ಗಡಿ ದಾಟಿ ಬಂದಿರಬೇಕು. ಬೀಡ್‌ನಿಂದ ಬಂದವನು ದಾಟಿದ್ದಾನೆ, ಪುಸ್ತಕದ ಪ್ರಕಾರ ಅವನಿಗೆ ಹಕ್ಕಿದೆ. ವಿಜಯಪುರ ಜಿಲ್ಲೆಯ ತಾಂಡಾದಿಂದ ಬಂದು ಅದೇ ಹೊಲದಲ್ಲಿ, ಅದೇ ಕುಡುಗೋಲಿನಲ್ಲಿ, ಅದೇ ಮುಂಗಡದ ಉರುಳಿನಲ್ಲಿ ಕಡಿಯೋನು ದಾಟಿಲ್ಲ, ಅವನು ಕಾಯ್ದೆಯ ಲೆಕ್ಕದಲ್ಲಿ ವಲಸೆ ಕಾರ್ಮಿಕನೇ ಅಲ್ಲ. ಮುಂಗಡ ತೀರೋವರೆಗೆ ಬಿಡಲ್ಲ ಅನ್ನೋದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ವಿಷಯ. ಆ ಜೀತ ಅನ್ನೋ ಪದವನ್ನ ಕಾಗದದ ಮೇಲೆ ಬರೆಯೋಕೆ ಯಾವ ಅಧಿಕಾರಿಗೂ ಮನಸ್ಸಿರಲ್ಲ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಹಳೇ ಕಾಯ್ದೆ ಹೋಯ್ತು. ತಾನಾಗಿಯೇ ಬಂದ ಕಾರ್ಮಿಕನನ್ನೂ ಹೊಸದು ಸೇರಿಸಿಕೊಳ್ಳುತ್ತೆ, ಒಳ್ಳೇದು. ಆದರೆ ಐದು ಇದ್ದದ್ದು ಹತ್ತಾಯ್ತು, ಗಡಿಯ ಷರತ್ತು ಹಾಗೇ ಇದೆ.

ಅದೇ ನವೆಂಬರ್‌ನಲ್ಲಿ ಮುಧೋಳ ಸೀಮೆಯಲ್ಲಿ ಕಬ್ಬಿನ ದರಕ್ಕೆ ನಡೆದ ಹೋರಾಟ ನಿಮಗೆ ನೆನಪಿರಬಹುದು. ಸಮೀರವಾಡಿಯಲ್ಲಿ ಕಬ್ಬು ತುಂಬಿದ್ದ ಟ್ರ್ಯಾಕ್ಟರುಗಳು ಹೊತ್ತಿ ಉರಿದವು, ಚಾನೆಲ್‌ಗಳು ರಾತ್ರಿಯಿಡೀ ತೋರಿಸಿದವು. ರೈತ, ಕಾರ್ಖಾನೆ, ಸರ್ಕಾರ, ಮೂವರೂ ಮಾತಾಡಿದರು. ಟನ್‌ಗೆ ಎಷ್ಟು, ಕಟಾವು ಮತ್ತು ಸಾಗಾಟ ಯಾರ ತಲೆ ಮೇಲೆ ಅನ್ನೋದೇ ಚರ್ಚೆ. ರೈತರ ಬೇಡಿಕೆ ನ್ಯಾಯದ್ದೇ, ನಾನು ಅವರ ಪರ. ಆದರೆ ಆ 'ಕಟಾವು' ಅನ್ನೋ ಪದದ ಒಳಗೆ ಇರೋ ಗಂಡು, ಹೆಣ್ಣು, ಮಗು ಮಾತುಕತೆಯ ಮೇಜಿನಲ್ಲಿ ಎಲ್ಲೂ ಇರಲಿಲ್ಲ.

ಬರೋರ ಕಥೆ ಇದಾದರೆ ಹೋಗೋರದ್ದು? ಜಮೀನು ಇಲ್ಲದವರು, ಪರಿಹಾರದ ದುಡ್ಡು ಕರಗಿದವರು ಮಂಗಳೂರಿಗೆ, ಗೋವಾಕ್ಕೆ ಗಾರೆ ಕೆಲಸಕ್ಕೆ ಹೋದರು. ಮಂಗಳೂರಿನಲ್ಲಿ ಕಟ್ಟಡ ಕೂಲಿಗೆ 'ಬಾಗಲಕೋಟೆಯವರು' ಅನ್ನೋದೇ ಹೆಸರಾಗಿಬಿಟ್ಟಿದೆ. 2004ರಲ್ಲಿ ವಾಸ್ಕೋದ ಬೈನಾ ಬೀಚಿನಲ್ಲಿ ಬುಲ್ಡೋಜರ್ ಬಂದಾಗ ನೆಲಸಮವಾದ ಮನೆಗಳಲ್ಲಿ ದೊಡ್ಡ ಪಾಲು ಉತ್ತರ ಕರ್ನಾಟಕದ ಕನ್ನಡಿಗರದ್ದು. ಆಗ ಇಲ್ಲಿ ಎಷ್ಟು ಕೂಗಾಡಿದೆವು! ಕೂಗಬೇಕಾದದ್ದೇ. ಗೋವಾದಲ್ಲಿ ಕನ್ನಡಿಗನಿಗೆ ಏನು ಕೇಳಿದೆವೋ, ಅದನ್ನೇ ಮುಧೋಳದ ಹೊಲದಲ್ಲಿರೋ ಮರಾಠಿ ಮಾತಾಡುವ ಹೆಂಗಸಿಗೂ ಕೇಳೋಕೆ ಧೈರ್ಯ ಬೇಕು.

ರಬಕವಿ-ಬನಹಟ್ಟಿಯ ನೇಕಾರರದ್ದು ಇನ್ನೊಂದು ಬಗೆ. ಅವರ ಮನೆಯೇ ಕಾರ್ಖಾನೆ. ಹಳೇ ಕುಣಿಮಗ್ಗದಲ್ಲಿ ಕಾಲಿಡೋ ಜಾಗ ನೆಲದೊಳಗೆ ಇರುತ್ತೆ, ನೀರು ಬಂದರೆ ಮೊದಲು ತುಂಬೋದು ಅದು. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿದಾಗ ಸರ್ಕಾರ ತಕ್ಷಣಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ದೊಡ್ಡ ಮೊತ್ತವೇ. ಆದರೆ 5 ಲಕ್ಷ ಮನೆಯ ಮಾಲೀಕನಿಗೆ. ಬಾಡಿಗೆ ಮನೆಯಲ್ಲಿ ಬೇರೆಯವರ ಮಗ್ಗದ ಮೇಲೆ ಸೀರೆಗಿಷ್ಟು ಅಂತ ಕೂಲಿಗೆ ನೇಯುವವನು? ಅವನ ಹೆಸರು ಮನೆಯ ಪಟ್ಟಿಯಲ್ಲೂ ಇಲ್ಲ, ಮಗ್ಗದ ಪಟ್ಟಿಯಲ್ಲೂ ಇಲ್ಲ.

ಈಗ ಮತ್ತೆ ಆ 1720 ಅಡಿಯ ಗೆರೆಗೆ ಬರಬೇಕು, ಯಾಕಂದರೆ ಅದು ಹಳೇ ವಿಷಯ ಅಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮೂರನೇ ಹಂತಕ್ಕೆ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಮುಳುಗಡೆಗೇ ಸುಮಾರು 75 ಸಾವಿರ ಎಕರೆ, ಸುಮಾರು 20 ಹಳ್ಳಿ. ವರ್ಷಗಟ್ಟಲೆ ಧರಣಿ ಕೂತ ರೈತರಿಗೆ ಇದು ಗೆಲುವು, ಅವರು ಅದನ್ನ ಬೆವರಿಗೆ ಪಡೆದಿದ್ದಾರೆ. ಮರುದಿನದ ಎಲ್ಲಾ ತಲೆಬರಹಗಳೂ ಎಕರೆಯ ಲೆಕ್ಕದಲ್ಲೇ ಇದ್ದವು. ಎಕರೆಯೇ ಇಲ್ಲದವನ ತಲೆಬರಹ ಯಾವುದು?

ಈ ಸಲ ಕಾನೂನು ಬೇರೆ ಇದೆ. 2014ರ ಜನವರಿ 1ರಿಂದ ಜಾರಿಯಲ್ಲಿರೋ ಹೊಸ ಭೂಸ್ವಾಧೀನ ಕಾಯ್ದೆಯ 3ನೇ ಸೆಕ್ಷನ್ ತೆಗೆದು 'ಬಾಧಿತ ಕುಟುಂಬ' ಅನ್ನೋದರ ವ್ಯಾಖ್ಯಾನ ಓದಿ. ಜಮೀನು ಇಲ್ಲದಿದ್ದರೂ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಬದುಕಿದ ಕೃಷಿ ಕೂಲಿ, ಗೇಣಿದಾರ, ಪಾಲಿಗೆ ಮಾಡುವವನು, ಕುಶಲಕರ್ಮಿ ಕೂಡ ಅದರೊಳಗೆ ಬರ್ತಾನೆ. ನದಿ, ಕಾಡು ನಂಬಿದವನೂ ಬರ್ತಾನೆ. 1894ರಲ್ಲಿ ಕಾಣದೇ ಹೋದವರು ಮೊದಲ ಸಲ ಕಾನೂನಿನ ಕಣ್ಣಿಗೆ ಬಿದ್ದಿದ್ದಾರೆ. ಆದರೆ ಮೂರು ವರ್ಷ ದುಡಿದದ್ದಕ್ಕೆ ಪುರಾವೆ ಏನು? ಕೂಲಿಗೆ ಯಾರೂ ರಸೀದಿ ಕೊಡಲ್ಲ. ಬಾಯಿಮಾತಿನ ಪಾಲಿಗೆ ಒಪ್ಪಂದ ಪತ್ರ ಇರಲ್ಲ. ವರ್ಷದಲ್ಲಿ ಆರು ತಿಂಗಳು ಗೋವಾದಲ್ಲಿ ಇರೋನು ಸರ್ವೆಯವರು ಬಂದ ದಿನ ಮನೆಯಲ್ಲೇ ಇರಲ್ಲ, ಬಾಗಿಲಿಗೆ ಬೀಗ. ನರೇಗಾ ಜಾಬ್ ಕಾರ್ಡ್, ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲಾತಿ, ಮತದಾರರ ಪಟ್ಟಿ, ಇವನ್ನ ಪುರಾವೆಯಾಗಿ ತಗೊಳ್ತೀವಿ ಅಂತ ಸರ್ವೆ ಶುರುವಾಗೋ ಮೊದಲೇ ಲಿಖಿತ ಆದೇಶ ಬರಬೇಕು. ಪಟ್ಟಿಯನ್ನ ಗ್ರಾಮಸಭೆಯಲ್ಲಿ, ಎಲ್ಲರ ಎದುರಿಗೆ, ಗಟ್ಟಿಯಾಗಿ ಓದಬೇಕು. ಓದೋ ದಿನವನ್ನ ಯುಗಾದಿಗೋ ಊರ ಜಾತ್ರೆಗೋ ಇಟ್ಟರೆ ಇನ್ನೂ ಒಳ್ಳೇದು, ಗೋವಾಕ್ಕೆ ಹೋದವರೂ ಆವಾಗ ಊರಿಗೆ ಬಂದಿರ್ತಾರೆ.